ಹುಟ್ಟುಹಬ್ಬಕ್ಕೆ ಆಟಿಕೆಯೇ ಇರಲಿ

ಮಕ್ಕಳ ಹುಟ್ಟುಹಬ್ಬಕ್ಕೆ ಆಟಿಕೆ ಕೊಡಬೇಡಿ, ಅನುಭವ ಕೊಡಿ ಎಂಬ ಉಪದೇಶ ಈಗ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆಗೂ ಬಂದು ಮುಟ್ಟಿದೆ. ಪಾಲಕರ ಸಭೆಗೆ ಭಾಷಣಕ್ಕೆಂದು ಬಂದವರು ಅದನ್ನು ಹೇಳುತ್ತಾರೆ, ಪತ್ರಿಕೆಗಳ ಪುರವಣಿಗಳು ಬರೆಯುತ್ತವೆ, ಮೊಬೈಲಿಗೆ ಬರುವ ಬರ್ತ್‌ಡೇ ಆಮಂತ್ರಣದ ಕೊನೆಗೆ ‘ದಯವಿಟ್ಟು ಆಟಿಕೆ ತರಬೇಡಿ’ ಎಂಬ ಸಾಲು ಕಾಣಿಸುತ್ತದೆ. ಆಟಿಕೆ ವಾರದಲ್ಲಿ ಮುರಿದು ಮೂಲೆ ಸೇರುತ್ತದೆ, ಮಗುವಿಗೆ ವಸ್ತುಗಳ ಮೋಹ ಹತ್ತಿಸುತ್ತದೆ. ಅದೇ ದುಡ್ಡಿನಲ್ಲಿ ಮೃಗಾಲಯಕ್ಕೋ ವಾಟರ್ ಪಾರ್ಕಿಗೋ ಕರೆದುಕೊಂಡು ಹೋದರೆ ನೆನಪು ಜೀವಮಾನವಿಡೀ ಉಳಿಯುತ್ತದೆ ಎಂಬುದು ವಾದ. ಕೇಳಲು ಹಿತವಾಗಿರುವುದರಿಂದ ಯಾರೂ ಎದುರು ಮಾತಾಡುವುದಿಲ್ಲ. ನಾನು ಆಡುತ್ತೇನೆ. ಇಲ್ಲಿನ ಸುಲೇಪೇಟದಂಥ ಊರಿನ ಮಕ್ಕಳ ಮಟ್ಟಿಗೆ ಈ ಉಪದೇಶ ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದರಿಂದ ಮಕ್ಕಳ ಕೈಯಿಂದ ಒಂದು ದೊಡ್ಡ ವಸ್ತು ಜಾರಿ ಹೋಗುತ್ತಿದೆ.

ಈ ಮಾತಿನ ಹಿಂದಿರುವ ಸಂಶೋಧನೆಯನ್ನೇ ಮೊದಲು ನೋಡೋಣ, ಯಾಕೆಂದರೆ ‘ವಿಜ್ಞಾನವೇ ಹೇಳಿದೆ’ ಎಂದು ಬಾಯಿ ಮುಚ್ಚಿಸುವುದು ಅದರಿಂದಲೇ. ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಸ್ತುವಿಗೆ ಹಾಕಿದ ದುಡ್ಡಿಗಿಂತ ಅನುಭವಕ್ಕೆ ಹಾಕಿದ ದುಡ್ಡು ಜನರಿಗೆ ಹೆಚ್ಚು ಸಂತೋಷ ಕೊಡುತ್ತದೆ ಎಂದು ಅವರು ಕಂಡುಕೊಂಡರು. ಅವರು ಪ್ರಶ್ನೆ ಕೇಳಿದ್ದು ಅಮೆರಿಕದ ವಯಸ್ಕರಿಗೆ, ಕಾಲೇಜು ವಿದ್ಯಾರ್ಥಿಗಳಿಗೆ. ಅಂಗನವಾಡಿಗೆ ಹೋಗುವ ವಯಸ್ಸಿನವರು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಆ ಅಧ್ಯಯನದಲ್ಲೂ ವರಮಾನ ಏರಿದಂತೆ ಅನುಭವದ ತೂಕ ಏರಿತ್ತು, ಕೆಳಗಿನ ವರಮಾನದವರಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. 2018ರಲ್ಲಿ ಇನ್ನೊಂದು ಸಂಶೋಧಕರ ತಂಡ ಈ ಅಂಶವನ್ನೇ ಕೈಗೆತ್ತಿಕೊಂಡು, ಅನುಭವದ ಮೇಲುಗೈ ಮುಖ್ಯವಾಗಿ ಉಳ್ಳವರ ವಿಷಯ ಎಂದು ತೋರಿಸಿತು. ಕೈ ಬಿಗಿ ಹಿಡಿದು ಬದುಕುವವರಿಗೆ ಬಾಳಿಕೆ ಬರುವ ವಸ್ತುವೂ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೆಮ್ಮದಿ ಕೊಡುತ್ತದೆ. ಮಕ್ಕಳನ್ನೇ ಕೇಳಿದ ಅಧ್ಯಯನ ಪ್ರಕಟವಾದದ್ದು 2020ರಲ್ಲಿ. ಲ್ಯಾನ್ ನುಯೆನ್ ಚಾಪ್ಲಿನ್ ಮತ್ತು ಸಂಗಡಿಗರು ಮೂರರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅನುಭವಕ್ಕಿಂತ ವಸ್ತುವೇ ಹೆಚ್ಚು ಸಂತೋಷ ಕೊಡುತ್ತದೆ, ಹದಿಹರೆಯ ಬಲಿತ ಮೇಲೆ ತಕ್ಕಡಿ ಅನುಭವದ ಕಡೆ ವಾಲುತ್ತದೆ ಎಂದು ವರದಿ ಮಾಡಿದರು. ಅವರು ಕೊಟ್ಟ ಕಾರಣ ತಾಯಂದಿರಿಗೆಲ್ಲ ಗೊತ್ತಿರುವಂಥದ್ದೇ: ಮುಗಿದುಹೋದ ಘಟನೆಯನ್ನು ನೆನಪಿನಲ್ಲಿ ಹಿಡಿದಿಟ್ಟು, ಮತ್ತೆ ಮತ್ತೆ ತೆಗೆದು, ಅದರಲ್ಲಿ ಜೊತೆಗಿದ್ದವರ ಮನಸ್ಸು ಏನಿತ್ತೆಂದು ಗ್ರಹಿಸಿ ಖುಷಿಪಡುವ ಶಕ್ತಿ ಎಳೆಯ ವಯಸ್ಸಿನಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ವಸ್ತು ಹಾಗಲ್ಲ, ಬೆಳಗ್ಗೆ ಎದ್ದಾಗ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಅಂದರೆ ದೊಡ್ಡವರಿಗೆ, ಅದರಲ್ಲೂ ಅನುಕೂಲಸ್ಥ ದೊಡ್ಡವರಿಗೆ ಹೊಂದುವ ಮಾತನ್ನು ತಂದು ನಾಲ್ಕು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಿದ್ದೇವೆ. ‘ಅನುಭವ ಕೊಡಿ’ ಎನ್ನುವ ಈ ಅನುಭವವಾದಿಗಳು ಹೆಚ್ಚಾಗಿ ಎತ್ತಿಹೇಳುವ ಇನ್ನೊಂದು ಅಧ್ಯಯನವೂ ಇದೆ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಹದಿನಾರು ಆಟಿಕೆ ಇಟ್ಟ ಕೋಣೆಗಿಂತ ನಾಲ್ಕೇ ಆಟಿಕೆ ಇಟ್ಟ ಕೋಣೆಯಲ್ಲಿ ಪುಟ್ಟ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಇದನ್ನು ‘ಆಟಿಕೆ ಬೇಡ’ ಎಂದು ಓದುವುದು ಹೇಗೆ? ನಾಲ್ಕು ಸಾಕು ಎನ್ನುತ್ತದೆ ಅದು. ಸುಲೇಪೇಟದ ಎಷ್ಟು ಮನೆಗಳಲ್ಲಿ ನಾಲ್ಕು ಇವೆ, ನೋಡಿ ಬನ್ನಿ.

ನಾನು ನೋಡುವ ಮನೆಗಳಲ್ಲಿ ಮಗುವಿನದೇ ಎನ್ನುವ ವಸ್ತು ಕಡಿಮೆ. ಅಂಗಿ ಅಣ್ಣನದು, ಪಾಟೀಚೀಲ ಸರ್ಕಾರದ್ದು ಇಲ್ಲವೇ ಅಕ್ಕನದು, ಮಲಗುವ ಜಾಗ ಎಲ್ಲರದು. ಆಟಿಕೆ ಎಂದರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಕೊಡಿಸಿದ ಒಂದು ಪುಂಗಿ, ಗಾಲಿ ಹೋದ ಒಂದು ಕಾರು, ತಮ್ಮನ ಜೊತೆ ಪಾಲಿನಲ್ಲಿ ಇರುವ ಒಂದು ಚೆಂಡು. ಇಂಥ ಮನೆಗೆ ಬಂದು ‘ವಸ್ತುಗಳ ಮೋಹ ಬೇಡ’ ಎಂದು ಬೋಧಿಸುವುದಕ್ಕೆ ಯಾರಿಗೂ ಹಕ್ಕಿಲ್ಲ. ಬೀರು ತುಂಬಿ, ಮಂಚದ ಕೆಳಗೆ ತುಂಬಿ, ಡಬ್ಬಿಗಟ್ಟಲೆ ಆಟಿಕೆ ಇರುವ ಮನೆಗಳ ರೋಗಕ್ಕೆ ಬರೆದ ಔಷಧ ಇದು. ಆ ರೋಗವೇ ಇಲ್ಲದವರಿಗೆ ಅದನ್ನು ಕುಡಿಸುತ್ತಿದ್ದಾರೆ.

ನಮ್ಮ ಓಣಿಯಲ್ಲಿ ಐದು ವರ್ಷದ ಒಬ್ಬ ಹುಡುಗನಿದ್ದಾನೆ. ಅವನ ಹತ್ತಿರ ಪ್ಲಾಸ್ಟಿಕ್ಕಿನ ಒಂದು ಟ್ರ್ಯಾಕ್ಟರ್ ಇದೆ, ಟ್ರಾಲಿ ಸಮೇತ. ಹಿಂದಿನ ಒಂದು ಗಾಲಿ ಕಳೆದುಹೋಗಿ ಆ ಜಾಗಕ್ಕೆ ನೀರಿನ ಬಾಟಲಿಯ ಮುಚ್ಚಳ ಬಂದಿದೆ. ತೊಗರಿ ರಾಶಿಯ ದಿನಗಳಲ್ಲಿ ಅವನು ಅಂಗಳದಲ್ಲಿ ಬಿದ್ದ ಕಾಳು ಆರಿಸಿ ಟ್ರಾಲಿಗೆ ತುಂಬುತ್ತಾನೆ. ಒಡೆದ ಫರಸಿಯ ಒಂದು ತುಂಡು ಅವನಿಗೆ ಕಾಂಟಾ. ಟ್ರ್ಯಾಕ್ಟರನ್ನು ಅದರ ಮೇಲೆ ಹತ್ತಿಸಿ, ನಿಲ್ಲಿಸಿ, ಬಗ್ಗಿ ನೋಡಿ, ಬಾಯಲ್ಲೇ ತೂಕ ಹೇಳಿ ಇಳಿಸುತ್ತಾನೆ. ಆಮೇಲೆ ಕಟ್ಟೆಯ ಅಡತಿ ಅಂಗಡಿಗೆ ಹೋಗಿ ಕಾಳು ಸುರಿಯುತ್ತಾನೆ, ದರ ಸರಿಯಿಲ್ಲ ಎಂದು ಜಗಳ ತೆಗೆದು ಮತ್ತೆ ತುಂಬಿಕೊಳ್ಳುತ್ತಾನೆ. ಒಂದು ದಿನ ತಂಗಿ ಬಂದು ಕೈ ಹಾಕಿದಳು. ‘ಏ, ಮುಟ್ಟಬ್ಯಾಡ, ಗಾಡಿ ಕಾಂಟಾದ ಮ್ಯಾಲದ!’ ಎಂದು ಗದರಿದ. ಅಪ್ಪನ ವರ್ಷವಿಡೀ ದುಡಿಮೆ, ತೊಗರಿಗೆ ಸಿಗದ ದರ, ಮನೆಯಲ್ಲಿ ರಾತ್ರಿ ನಡೆದ ಮಾತು ಎಲ್ಲವೂ ಆ ಟ್ರಾಲಿಯಲ್ಲಿ ಬಂದು ಕೂತಿದ್ದವು. ಮರುದಿನ ಅದೇ ಗಾಡಿ ಅಂಬ್ಯುಲೆನ್ಸ್ ಆಗಿತ್ತು, ಒಳಗೆ ಮಲಗಿದವರು ಅವನ ಅಜ್ಜಿ.

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗುವಿನ ಬಗ್ಗೆ ಹೇಳಿದ್ದು ಇದನ್ನೇ. ಕಣ್ಣೆದುರಿನ ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಮಗುವಿಗೆ ಕೈಯಲ್ಲಿ ಇನ್ನೊಂದು ವಸ್ತು ಬೇಕು. ಬರೀ ಯೋಚನೆಯಿಂದ ಅದು ಆಗುವ ವಯಸ್ಸಲ್ಲ ಅದು. ಹಾಗಾಗಿ ಆಟಿಕೆಯನ್ನು ತಿಂಡಿಯ ಪೊಟ್ಟಣದಂತೆ ತಂದು ಮುಗಿಸುವ ಸರಕು ಎಂದು ತಿಳಿಯುವುದೇ ತಪ್ಪು. ಮಗು ತಾನು ಕಂಡದ್ದನ್ನೆಲ್ಲ ಜೀರ್ಣ ಮಾಡಿಕೊಳ್ಳುವುದು ಅದರ ಮೂಲಕ.

ಅನುಭವಕ್ಕೂ ಕೊನೆಗೆ ಆಟಿಕೆಯೇ ಆಸರೆ. ಪರಿಚಯದ ಒಂದು ಮನೆಯವರು ಮಗಳ ಹುಟ್ಟುಹಬ್ಬಕ್ಕೆ ಸೇಡಂನಲ್ಲಿ ರೈಲು ಹತ್ತಿ, ತಾಂಡೂರ, ವಿಕಾರಾಬಾದ್ ದಾಟಿ ಹೈದರಾಬಾದಿಗೆ ಹೋಗಿ, ರಾಮೋಜಿ ಫಿಲ್ಮ್ ಸಿಟಿ ತೋರಿಸಿಕೊಂಡು ಬಂದರು. ಬರುವಾಗ ಹುಡುಗಿ ನಿದ್ದೆ ಮಾಡಿದಳು, ಅಪ್ಪ ಹೊತ್ತುಕೊಂಡು ಮನೆ ಮುಟ್ಟಿಸಿದ. ಮರುದಿನದಿಂದ ಅವಳ ಆಟ ಏನಿತ್ತು ಗೊತ್ತೇ? ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ರೈಲು. ಚಹಾ ಮಾರುವವನು, ಟಿಕೆಟ್ ಕೇಳುವವನು, ಕಿಟಕಿಗಾಗಿ ಜಗಳ. ಸಾವಿರಾರು ರೂಪಾಯಿ ಕೊಟ್ಟು ತೋರಿಸಿದ ಅರಮನೆ, ಕಾರಂಜಿಗಳ ಸುಳಿವೇ ಅವಳ ಆಟದಲ್ಲಿ ಇರಲಿಲ್ಲ. ಅಪ್ಪ ಅಮ್ಮ ಬೇಸರಪಟ್ಟರು. ಬೇಸರಪಡುವಂಥದ್ದೇನೂ ಅಲ್ಲಿರಲಿಲ್ಲ. ಹುಡುಗಿ ತನಗೆ ಬೇಕಾದ್ದನ್ನು ಆರಿಸಿಕೊಂಡಿದ್ದಳು; ಆಡಲು ಅವಳ ಹತ್ತಿರ ಇದ್ದದ್ದು ಬೆಂಕಿಪೊಟ್ಟಣ ಮಾತ್ರ. ಆ ಪ್ರವಾಸದ ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲು ಹಾಕಿ ಒಂದು ಆಟಿಕೆಯ ರೈಲು ಕೊಡಿಸಿದ್ದರೆ ಪ್ರವಾಸ ಆರು ತಿಂಗಳು ಮುಂದುವರಿಯುತ್ತಿತ್ತು.

ಇಲ್ಲಿ ಹುಟ್ಟುಹಬ್ಬ ಎಂಬುದರ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಹಿಂದಿನ ತಲೆಮಾರಿನ ಬಹಳಷ್ಟು ಜನರ ಜನ್ಮದಿನ ಜೂನ್ 1. ಶಾಲೆಗೆ ಹೆಸರು ಹಚ್ಚಲು ಹೋದಾಗ ಮಾಸ್ತರರು ಬರೆದುಕೊಂಡ ತಾರೀಕು ಅದು. ಯಾವ ಮಳೆಗಾಲದಲ್ಲಿ, ಯಾವ ಬರದಲ್ಲಿ ಹುಟ್ಟಿದೆ ಎಂದು ಅವ್ವ ಹೇಳುತ್ತಿದ್ದಳೇ ಹೊರತು ತಾರೀಕು ಯಾರಿಗೂ ನೆನಪಿರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಈಗ ಆಸ್ಪತ್ರೆಯ ಕಾಗದದಲ್ಲಿ ಬರೆದ ತಮ್ಮದೇ ತಾರೀಕು ಹೊಂದಿದ್ದಾರೆ. ಬೇಕರಿಯ ಕೇಕು ಬರುತ್ತದೆ, ಫುಗ್ಗ ಕಟ್ಟುತ್ತಾರೆ, ಓಣಿಯ ಮಕ್ಕಳು ಸೇರುತ್ತಾರೆ. ವರ್ಷದಲ್ಲಿ ಒಂದು ದಿನ ಮನೆಯವರೆಲ್ಲರ ಕಣ್ಣು ಒಂದೇ ಮಗುವಿನ ಮೇಲೆ ಇರುತ್ತದೆ. ನಮ್ಮ ಊರುಗಳಲ್ಲಿ ಇದು ಹೊಸತು, ಒಳ್ಳೆಯದು, ಇದನ್ನು ಆಡಂಬರ ಎಂದು ಹಳಿಯುವವರ ಜೊತೆ ನಾನಿಲ್ಲ. ಆ ಒಂದು ದಿನ ‘ಇದು ನಂದದ’ ಎಂದು ಹೇಳಲು ಮಗುವಿಗೆ ಒಂದು ವಸ್ತು ಸಿಗಬೇಕು. ‘ನಂದು’ ಎನ್ನಲು ಬಂದ ಮಗುವಿಗೇ ‘ತಗೋ, ನೀನೂ ಆಡು’ ಎಂದು ಕೊಡಲೂ ಬರುತ್ತದೆ. ಯಾವುದೂ ತನ್ನದಲ್ಲದ ಮಗು ಹಂಚುವುದನ್ನು ಎಲ್ಲಿಂದ ಕಲಿಯಬೇಕು?

ನಮ್ಮ ಹಿರಿಯರು ಮಕ್ಕಳಿಗೆ ಅನುಭವ ಕೊಡಲಿಲ್ಲವೇ ಎಂದು ಕೇಳುವವರಿದ್ದಾರೆ. ಕೊಟ್ಟರು, ಧಾರಾಳವಾಗಿ ಕೊಟ್ಟರು. ಎಳ್ಳ ಅಮಾವಾಸ್ಯೆಗೆ ಸಜ್ಜೆ ಕಡಬು, ಬಜ್ಜಿ, ರೊಟ್ಟಿ ಬುಟ್ಟಿಯಲ್ಲಿ ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗುತ್ತದೆ, ಚರಗ ಚೆಲ್ಲುತ್ತದೆ, ಮಕ್ಕಳು ದಿನವಿಡೀ ಬದುವಿನ ಮೇಲೆ ಓಡುತ್ತಾರೆ. ಪಂಚಮಿಗೆ ಜೋಕಾಲಿ. ಆದರೆ ಅದನ್ನು ಯಾರೂ ಒಂದು ಮಗುವಿಗೆ ಕೊಟ್ಟ ಉಡುಗೊರೆ ಎಂದು ಎಣಿಸಲಿಲ್ಲ. ಅದು ಊರಿನ ಎಲ್ಲ ಮಕ್ಕಳಿಗೂ ಪಂಚಾಂಗ ತಂದುಕೊಡುವ ಪಾಲು. ಕೈಗೆ ಕೊಡುವ ವಸ್ತುವಿಗೆ ಬೇರೆ ದಿನಗಳಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಜೋಡಿ ಎತ್ತು ಮಾಡಿ ಮನೆಮನೆಗೆ ಮುಟ್ಟಿಸುತ್ತಾರೆ, ಕಾಳು ಪಡೆಯುತ್ತಾರೆ. ಪೂಜೆಯಾದ ಮೇಲೆ ಆ ಎತ್ತು ಮಕ್ಕಳ ಪಾಲು. ಆಷಾಢದ ಮಂಗಳವಾರಗಳಿಗೆ ಮಣ್ಣಿನ ಗುಳ್ಳವ್ವ. ಪಂಚಮಿಗೆ ದಾರ ಪೋಣಿಸಿ ತಿರುಗಿಸುವ ಕೊಬ್ಬರಿ ಬಟ್ಟಲು. ಗೌರಿ ಹುಣ್ಣಿಮೆಗೆ ಹುಡುಗಿಯರಿಗೆ ಸಕ್ಕರೆ ಆರತಿಯ ಬೊಂಬೆ, ಆನೆ, ಕುದುರೆ, ತೇರು. ಜಾತ್ರೆಗೆ ಹೋದವರು ಬರಿಗೈಯಲ್ಲಿ ಬಂದರೆ ಮಕ್ಕಳು ಬಿಡುತ್ತಿರಲಿಲ್ಲ. ಮಕ್ಕಳ ಕೈಗೆ ವಸ್ತು ಕೊಡುವುದು ಸಂಪ್ರದಾಯದ ಮರ್ಯಾದೆಯಾಗಿತ್ತು. ಸಾಲ ಮಾಡಿ ಹಬ್ಬ ಮಾಡುವ ಮನೆಯಲ್ಲೂ ಮಣ್ಣೆತ್ತು ತಪ್ಪುತ್ತಿರಲಿಲ್ಲ. ಈಗ ಆ ವಸ್ತುವನ್ನು ತೆಗೆದುಹಾಕಿ, ಎಲ್ಲರಿಗೂ ಪುಕ್ಕಟೆ ಸಿಗಬೇಕಾದ ಅನುಭವವನ್ನು ಗಂಟೆಗಿಷ್ಟು ಎಂದು ಪ್ಲೇ ಝೋನಿನಲ್ಲಿ ಕೊಂಡುಕೊಂಡು ಬಂದು ಉಡುಗೊರೆ ಎಂದು ಕರೆಯುತ್ತಿದ್ದೇವೆ.

ಮಕ್ಕಳು ನೋಡಬೇಕಾದ್ದು ನಮ್ಮ ಸುತ್ತಲೇ ಬೇಕಾದಷ್ಟಿದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪ ಸಿಕ್ಕಿತು; ಸಾಮ್ರಾಟನ ಚಿತ್ರವನ್ನು ಅವನ ಹೆಸರಿನೊಂದಿಗೇ ನೋಡಬಹುದಾದ ಅಪರೂಪದ ಕಲ್ಲು ಅದು. ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮವಿದೆ, ಅದರೊಳಗೆ ಚಂದ್ರಂಪಳ್ಳಿ ಜಲಾಶಯ. ಇವುಗಳನ್ನು ತೋರಿಸುವುದು ಶಾಲೆಯ ಕೆಲಸ, ಪಂಚಾಯಿತಿಯ ಕೆಲಸ, ಮನೆಯವರ ಯಾವುದೇ ಭಾನುವಾರದ ಕೆಲಸ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಎಷ್ಟೋ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೊರಟಿದ್ದಾರೆ, ಅದು ನನಗೆ ಬಹಳ ಸಂತೋಷದ ವಿಷಯ. ಹೋಗಿ ಬರಲಿ, ತಿಂಗಳಿಗೊಮ್ಮೆ ಹೋಗಲಿ. ಹೋಗಿ ಬಂದದ್ದನ್ನು ಮಗುವಿನ ಹುಟ್ಟುಹಬ್ಬದ ಲೆಕ್ಕಕ್ಕೆ ಜಮಾ ಮಾಡಿ ಕೈ ತೊಳೆದುಕೊಳ್ಳುವುದು ಬೇಡ.

ಅನುಭವ ಕೊಡಲು ದುಡ್ಡಿಗಿಂತ ಮೊದಲು ಬೇಕಾದ್ದು ರಜೆ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವನಿಗೆ, ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನಿಗೆ ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಪ್ಪ ಅವ್ವ ಬರುವುದು ದೀಪಾವಳಿಗೋ ಯುಗಾದಿಗೋ. ಫೋನಿನಲ್ಲಿ ‘ಯಪ್ಪಾ, ಬರವಾಗ ಜೆಸಿಬಿ ತಗೊಂಡ ಬಾ’ ಎಂದು ಹೇಳುವ ಮಗುವಿಗೆ ಅಪ್ಪ ತರುವ ಆ ಹಳದಿ ಜೆಸಿಬಿ ಬರೀ ಪ್ಲಾಸ್ಟಿಕ್ ಎಂದು ಯಾವ ಬಾಯಿಂದ ಹೇಳುತ್ತೀರಿ? ಅಪ್ಪ ಮತ್ತೆ ಹೋದ ಮೇಲೂ ಅದು ಮನೆಯಲ್ಲಿ ಇರುತ್ತದೆ. ಅಪ್ಪ ಕೆಲಸ ಮಾಡುವ ಕಟ್ಟಡದ ಪಾಯವನ್ನು ಮಗು ಅದರಿಂದ ಅಂಗಳದಲ್ಲಿ ತೋಡುತ್ತದೆ. ‘ಮಕ್ಕಳಿಗೆ ಬೇಕಾದ್ದು ವಸ್ತುವಲ್ಲ, ನಿಮ್ಮ ಸಮಯ’ ಎಂದು ವೇದಿಕೆಯ ಮೇಲಿಂದ ಹೇಳಿದಾಗ ಆ ತಂದೆಯ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ಹೇಳುವವರು ಯೋಚಿಸಿದಂತಿಲ್ಲ. ಅವನ ಸಮಯ ಮಾರಾಟವಾಗಿದೆ. ಮಾರಿ ಬಂದ ದುಡ್ಡಿನಲ್ಲಿ ಅವನು ತಂದ ಒಂದೇ ಒಂದು ವಸ್ತುವನ್ನು ಕೀಳು ಮಾಡಿ ಅವನನ್ನು ಇನ್ನಷ್ಟು ಕುಗ್ಗಿಸುವುದು ಅನ್ಯಾಯ.

ಹುಡುಗಿಯರ ವಿಷಯದಲ್ಲಿ ನನಗೆ ಸಿಟ್ಟು ಇನ್ನೂ ಹೆಚ್ಚು. ನಮ್ಮ ಕಡೆ ಎಂಟೊಂಬತ್ತು ವರ್ಷದ ಹುಡುಗಿಯ ಕಂಕುಳಿಗೆ ತಮ್ಮ ಬರುತ್ತಾನೆ, ಕೈಗೆ ಕಸಬರಿಗೆ ಬರುತ್ತದೆ. ಹೊರಗೆ ಕರೆದುಕೊಂಡು ಹೋಗುವ ಪ್ರಶ್ನೆ ಬಂದಾಗ ‘ಹೆಣ್ಣು ಹುಡುಗಿ, ಅಷ್ಟು ದೂರ ಯಾಕ?’ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅನುಭವವನ್ನೇ ಉಡುಗೊರೆ ಎಂದು ಮಾಡಿದ ಮನೆಯಲ್ಲಿ ಅವಳಿಗೆ ಎರಡೂ ಇಲ್ಲವಾಗುತ್ತವೆ: ಪ್ರವಾಸಕ್ಕೆ ಅಣ್ಣ ಹೋಗುತ್ತಾನೆ, ಆಟಿಕೆ ಹೇಗೂ ಬೇಡ. ಕೇರಂ ಬೋರ್ಡೋ, ಜೋಡಿಸುವ ಇಟ್ಟಿಗೆಗಳೋ, ಒಂದು ಬ್ಯಾಟು ಚೆಂಡೋ ಅವಳ ಹೆಸರಿನಲ್ಲಿ ಮನೆಗೆ ಬಂದರೆ ಅವಳ ಓರಗೆಯವರು ಅವಳ ಮನೆಗೆ ಬರುತ್ತಾರೆ. ಆಡುವ ಹೊತ್ತನ್ನು ಮನೆಯವರ ಹತ್ತಿರ ಕೇಳಿ ಪಡೆಯಲು ಅವಳಿಗೊಂದು ಕಾರಣ ಸಿಗುತ್ತದೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯ ದಾರಿಗಳಲ್ಲಿ ಹುಡುಗಿಯರ ಸಾಲು ಹೊರಟಿತ್ತಲ್ಲ, ಅದನ್ನು ಕಂಡವರಿಗೆ ವಸ್ತು ಬೇರೆ ಅನುಭವ ಬೇರೆ ಎಂಬ ಮಾತು ಎಷ್ಟು ಪೊಳ್ಳು ಎಂದು ಗೊತ್ತಾಗುತ್ತದೆ. ಸೈಕಲ್ ಒಂದು ವಸ್ತು. ಅದು ತಂದುಕೊಟ್ಟ ದಾರಿ, ಗಾಳಿ, ಬಿದ್ದ ಗಾಯ, ಗೆಳತಿಯರ ಜೊತೆಗಿನ ಮಾತು ಯಾವ ಪ್ಯಾಕೇಜಿನಲ್ಲೂ ಸಿಗುವಂಥದ್ದಲ್ಲ. ಒಳ್ಳೆಯ ಆಟಿಕೆಗಳೆಲ್ಲ ತಮ್ಮ ಅಳತೆಯಲ್ಲಿ ಹೀಗೆಯೇ.

ಪ್ರವಾಸ, ಪ್ಲೇ ಝೋನುಗಳಲ್ಲಿ ಎಲ್ಲವೂ ದೊಡ್ಡವರ ಕೈಯಲ್ಲಿ. ಯಾವಾಗ ಹೊರಡಬೇಕು, ಏನು ನೋಡಬೇಕು, ಎಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಯಾವಾಗ ಸಾಕು ಎಂದು ಅವರೇ ನಿರ್ಧರಿಸುತ್ತಾರೆ. ಮಗು ಖುಷಿಯಾಗಿರಬೇಕು ಎಂಬ ಒತ್ತಾಯವೂ ಅದರ ಮೇಲೇ ಬೀಳುತ್ತದೆ, ಇಷ್ಟು ಖರ್ಚು ಮಾಡಿದ್ದೇವಲ್ಲ. ಆಟಿಕೆಯ ಮುಂದೆ ಕೂತ ಮಗುವಿಗೆ ಯಾರ ಅಪ್ಪಣೆಯೂ ಬೇಡ. ಬೇಕಾದಾಗ ಎತ್ತಿಕೊಳ್ಳುತ್ತದೆ, ಬೇಡವಾದಾಗ ಬಿಸಾಡುತ್ತದೆ, ಬಿಚ್ಚಿ ನೋಡುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎಂದು ಹೇಳುತ್ತದೆ. ಆಡಲು ಏನೂ ಇಲ್ಲದ ಮಗುವಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಆಟಿಕೆ ಹೊಟ್ಟೆಕಿಚ್ಚು ಕಲಿಸುತ್ತದೆ, ಪಕ್ಕದ ಮನೆಯ ಹುಡುಗನದು ನೋಡಿ ಮಗು ಅಳುತ್ತದೆ ಎಂಬ ಆಕ್ಷೇಪ ಹಳೆಯದು. ಶೂದ್ರಕನ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಬಂದದ್ದೇ ಇಂಥ ಅಳುವಿನ ಒಂದು ದೃಶ್ಯದಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿದ ರೋಹಸೇನನಿಗೆ ತನ್ನ ಮಣ್ಣಿನ ಬಂಡಿ ಸಾಲುವುದಿಲ್ಲ; ಬಡವನಾದ ಚಾರುದತ್ತನ ಮಗ ಅವನು. ಚಾರುದತ್ತನನ್ನು ಪ್ರೀತಿಸುವ ವಸಂತಸೇನೆ ಆ ಮಗುವಿಗೆ ಬಂಡಿಯ ಆಸೆ ಬಿಡು ಎಂದು ನೀತಿ ಹೇಳುವುದಿಲ್ಲ. ಮೈಮೇಲಿನ ಒಡವೆ ಬಿಚ್ಚಿ ಮಣ್ಣಿನ ಬಂಡಿಗೆ ತುಂಬಿ, ಚಿನ್ನದ ಬಂಡಿ ಮಾಡಿಸಿಕೋ ಎನ್ನುತ್ತಾಳೆ. ಮಗುವಿನ ಆಸೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ಪಾತ್ರ ನನಗೆ ಗೊತ್ತಿಲ್ಲ. ಇನ್ನು ಹೊಟ್ಟೆಕಿಚ್ಚಿನ ಮಾತು: ಪಕ್ಕದ ಮನೆಯವನು ಹೈದರಾಬಾದಿಗೆ ಹೋಗಿ ಬಂದು ಫೋಟೊ ತೋರಿಸಿದಾಗ ಮಕ್ಕಳು ಅಳುವುದಿಲ್ಲವೇ? ಅವನ ಟ್ರ್ಯಾಕ್ಟರನ್ನಾದರೆ ಒಂದು ಸಂಜೆ ಕೇಳಿ ಆಡಬಹುದು. ಅವನ ಪ್ರವಾಸವನ್ನು ಕೇಳಿ ಪಡೆಯಲು ಬರುವುದಿಲ್ಲ.

ಪ್ಲಾಸ್ಟಿಕ್ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗಳಲ್ಲಿ ಬಣ್ಣ ಬಿಡುವ, ಅಂಚು ಚುಚ್ಚುವ ಅಗ್ಗದ ಸಾಮಾನು ಬಹಳ ಇತ್ತು, ಈಗಲೂ ಇದೆ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೊಳ್ಳುವಾಗ ಆ ಗುರುತು ನೋಡುವ ರೂಢಿ ಇನ್ನೂ ನಮ್ಮಲ್ಲಿ ಬಂದಿಲ್ಲ, ಬರಬೇಕು. ಚನ್ನಪಟ್ಟಣದವರು ಆಲೆ ಮರವನ್ನು ತಿರುಗಣೆಗೆ ಹಾಕಿ ಅರಗಿನ ಬಣ್ಣ ಹಚ್ಚಿ ಮಾಡುವ ಆಟಿಕೆಯನ್ನು ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಬೊಂಬೆ ಮಾಡುತ್ತಾರೆ. ಎರಡಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಎರಡನ್ನೂ ಈಗ ದೊಡ್ಡವರ ಶೋಕೇಸಿನಲ್ಲಿ ಕೂರಿಸಿದ್ದೇವೆ. ಊರಿನ ಬಡಿಗರಿಗೆ ಹೇಳಿದರೆ ಮೂರು ಗಾಲಿಯ ಗಾಡಿ ಮಾಡಿಕೊಡುತ್ತಾರೆ, ಹೇಳುವವರಿಲ್ಲ. ದುಡ್ಡೇ ಇಲ್ಲ ಎನ್ನುವವರಿಗೆ ಅರವಿಂದ ಗುಪ್ತಾ ದಾರಿ ತೋರಿಸಿದ್ದಾರೆ. ಕಾನ್ಪುರದ ಐಐಟಿಯಲ್ಲಿ ಓದಿದ ಆ ಎಂಜಿನಿಯರ್ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಪೇಪರಿನಿಂದ ಆಟಿಕೆ ಮಾಡುವುದನ್ನು ದೇಶದ ಮಕ್ಕಳಿಗೆ ಕಲಿಸುತ್ತ ಬದುಕು ಕಳೆದರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೆಟ್ಟ ಆಟಿಕೆ ಬೇಡ ಎನ್ನುವುದಕ್ಕೂ ಆಟಿಕೆಯೇ ಬೇಡ ಎನ್ನುವುದಕ್ಕೂ ನಡುವೆ ಇಷ್ಟೆಲ್ಲ ಇದೆ.

ಆಟಿಕೆ ಬೇಡ ಎಂದ ಮನೆಯಲ್ಲಿ ಆ ಖಾಲಿ ಜಾಗಕ್ಕೆ ಏನು ಬಂದು ಕೂತಿದೆ ಎಂಬುದನ್ನೂ ನೋಡಬೇಕು. ಪ್ರವಾಸ ವರ್ಷಕ್ಕೊಂದು ದಿನ. ಉಳಿದ ದಿನಗಳ ಸಂಜೆ ಮಗುವಿನ ಕೈಯಲ್ಲಿರುವುದು ಮೊಬೈಲು. ಅವ್ವ ರೊಟ್ಟಿ ಬಡಿಯುವಾಗ, ಅಪ್ಪ ಪಾಳಿ ಮುಗಿಸಿ ಮಲಗಿದಾಗ ಸುಮ್ಮನಿರಲಿ ಎಂದು ಕೊಟ್ಟದ್ದು. ನಮ್ಮ ಊರುಗಳಲ್ಲಿ ಆಟಿಕೆಯ ಎದುರಾಳಿ ಪ್ರವಾಸ ಅಲ್ಲವೇ ಅಲ್ಲ, ಈ ಮೊಬೈಲು. ಅನುಭವವಾದಿಗಳ ಭಾಷಣದಲ್ಲಿ ಇದರ ಮಾತು ಬರುತ್ತದೆ, ಮೊಬೈಲು ಕಿತ್ತುಕೊಳ್ಳಿ ಎಂದು. ಕಿತ್ತುಕೊಂಡ ಕೈಗೆ ಏನು ಕೊಡಬೇಕು ಎಂಬಲ್ಲಿ ಅವರು ಸುಮ್ಮನಾಗುತ್ತಾರೆ.

ಮನೆಯಲ್ಲಿ ಕೊಡಲಾಗದ್ದನ್ನು ಕೊಡಲೆಂದೇ ಅಂಗನವಾಡಿಗಳಿವೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು.  ಒಳ್ಳೆಯ ಯೋಜನೆ, ನಮ್ಮ ಭಾಗಕ್ಕೆ ಬೇಕೇ ಬೇಕಾದದ್ದು. ಆದರೆ ಯೋಜನೆ ಇದ್ದರಷ್ಟೇ ಸಾಲದು; ನಾನು ಹೋಗಿ ನೋಡಿದ ಒಂದು ಅಂಗನವಾಡಿಯಲ್ಲಿ ಆಟದ ಸಾಮಾನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿತ್ತು. ಬೀರುವಿನ ಗಾಜಿನಾಚೆ ಬೊಂಬೆಗಳು, ಮಣಿ ಪೋಣಿಸುವ ಚೌಕಟ್ಟು, ಇನ್ನೂ ಕವರು ಬಿಚ್ಚದ ಪ್ರಾಣಿಗಳ ಸೆಟ್ಟು. ಈಚೆ ಮಕ್ಕಳು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಕಾರ್ಯಕರ್ತೆ ಅಕ್ಕನವರನ್ನು ಕೇಳಿದೆ. ‘ಒಡದ್ರ ಲೆಕ್ಕ ಯಾರು ಕೊಡಬೇಕ್ರಿ? ಸ್ಟಾಕ್ ಬುಕ್ಕಿನಾಗ ಬರದಾರ’ ಎಂದರು. ಅವರ ತಪ್ಪೇನೂ ಇಲ್ಲ. ಗೌರವಧನದ ಮೇಲೆ ಬದುಕುವ ಹೆಣ್ಣುಮಗಳಿಗೆ ಮುರಿದ ಬೊಂಬೆಯ ಬಾಬತ್ತು ಕೇಳುವ ವ್ಯವಸ್ಥೆಯ ತಪ್ಪು ಅದು. ಕುರ್ಚಿ, ಪಾತ್ರೆ, ತಕ್ಕಡಿಯ ಪಟ್ಟಿಯಿಂದ ಆಟಿಕೆಯನ್ನು ತೆಗೆದು ಸೀಮೆಸುಣ್ಣ, ಸಾಬೂನಿನ ಪಟ್ಟಿಗೆ ಸೇರಿಸಬೇಕು. ವರ್ಷಕ್ಕೊಮ್ಮೆ ಸವೆದು ಮುಗಿದದ್ದು ಎಂದು ಬರೆದು ಹೊಸದು ತರಿಸಬೇಕು, ಮೇಲ್ವಿಚಾರಕಿಯರು ತಪಾಸಣೆಗೆ ಬಂದಾಗ ಮುರಿದ ಆಟಿಕೆ ಎಷ್ಟಿವೆ ಎಂದು ಕೇಳಿ, ಒಂದೂ ಇಲ್ಲದಿದ್ದರೆ ಯಾಕಿಲ್ಲ ಎಂದು ವಿಚಾರಿಸಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಹೆಚ್ಚಿನ ಅನುದಾನವೂ ಬೇಡ, ಜಿಲ್ಲಾ ಮಟ್ಟದಿಂದ ಒಂದು ಸುತ್ತೋಲೆ ಸಾಕು.